ಕತ್ತಲಲ್ಲಿ ಕಾಣುವ ದುರ್ಬೀನು

ಮೀರಜ್

ಮುಂಬಯಿಗೆ ಹೋಗಿ ಬಂದವರು ಸಮುದ್ರದಿಂದ ಕಥೆ ಶುರು ಮಾಡುತ್ತಾರೆ. ನಾನು ತೋಳದಿಂದ ಶುರು ಮಾಡಬೇಕು. ನಮ್ಮನ್ನು ಅಲ್ಲಿಯವರೆಗೆ ಓಡಿಸಿದ್ದು ಅದೇ. ಸಮುದ್ರವನ್ನು ನಾವು ನೋಡಲೇ ಇಲ್ಲ. ಊರಲ್ಲಿ ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ.

ನಮ್ಮದು ಅಥಣಿ ಕಡೆಯ ಊರು, ಕುರುಬರ ಮನೆ. ಅಣ್ಣ ಸಿದ್ದಪ್ಪ ಕುರಿ ಕಾಯುತ್ತಾನೆ. ನಾನು ಏಳನೆಯ ಇಯತ್ತೆವರೆಗೆ ಓದಿ, ಅದೇ ಕುರಿಗಳ ಉಣ್ಣೆಯ ಕಂಬಳಿ ಮಾರುತ್ತ ಸಂತೆಯಿಂದ ಸಂತೆಗೆ ಅಲೆಯುತ್ತೇನೆ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುವುದು ನಮ್ಮವರ ಕಸುಬು. ಹಿಕ್ಕೆಯ ಗೊಬ್ಬರ ಬೀಳಲಿ ಎಂದು ಹೊಲದವರೇ ಕರೆಯುತ್ತಾರೆ. ಸುತ್ತ ಬಲೆ, ಒಳಗೆ ಹಿಂಡು, ಬಲೆಯ ಬಾಯಿಯಲ್ಲಿ ಕಂಬಳಿ ಹೊದ್ದು ಕೂತ ಅಣ್ಣ, ಅವನ ಮೊಣಕಾಲಿಗೆ ಒರಗಿಕೊಂಡ ನಾಯಿ. ಕರಿಯಾ ಅಂತ ಅದರ ಹೆಸರು. ಸಂಜೆ ಕುರಿಗಳನ್ನು ಒಳಗೆ ಬಿಡುವಾಗ ಅಣ್ಣ ಒಂದೊಂದರ ಬೆನ್ನಿನ ಮೇಲೂ ಕೈಯಿಟ್ಟು ಬಿಡುತ್ತಿದ್ದ. "ನನ್ನ ಬೆನ್ನ ಮ್ಯಾಲೆ ಒಂದಿನಾನೂ ಹಿಂಗ ಕೈ ಇಟ್ಟಿಲ್ಲ ನೋಡ್ರಿ" ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಚ್ಯಾಷ್ಟಿ ಮಾಡುತ್ತಿದ್ದಳು.

ಹೋದ ದೀಪಾವಳಿಯಾದ ಮೇಲೆ ಒಂದು ರಾತ್ರಿ ಹಿಂಡಿಗೆ ತೋಳ ಬಂತು. ಅಣ್ಣ ಲೈಸೆನ್ಸಿನ ಬಂದೂಕು ಇಟ್ಟುಕೊಂಡವ. ಅದರ ನಳಿಗೆಗೆ ಬ್ಯಾಟರಿ ಕಟ್ಟಿರುತ್ತಿದ್ದ. ಬೆಳಕಿನಲ್ಲಿ ಎರಡು ಕಣ್ಣು ಹೊಳೆದವು, ಹೊಡೆದೆ, ಹೋಗಿ ನೋಡಿದರೆ ಕರಿಯಾ ಬಿದ್ದಿದ್ದ ಎಂದು ಬೆಳಗಾದ ಮೇಲೆ ನಮಗೆ ಹೇಳಿದ. ಬ್ಯಾಟರಿ ಬೆಳಕಿನಲ್ಲಿ ಕಣ್ಣಷ್ಟೇ ಕಾಣುತ್ತವೆ, ಮೈ ಕಾಣುವುದಿಲ್ಲ, ಹೀಗಾಗುತ್ತದೆ ಎಂದು ಊರವರು ಸಮಾಧಾನ ಮಾಡಿದರು. ಅಣ್ಣನಿಗೆ ಸಮಾಧಾನ ಆಗಲಿಲ್ಲ. ಹೊಲದ ಬದುವಿನಲ್ಲಿ ಕರಿಯಾನನ್ನು ಹೂಳಿ, ಬಂದೂಕನ್ನು ಮಾಡಿನ ಸಂದಿಗೆ ಸೇರಿಸಿದ. ಅವತ್ತಿನಿಂದ ತೋಳಗಳಿಗೆ ಹಬ್ಬ. ಎರಡು ದಿನಕ್ಕೊಂದು ಮರಿ ಹೋಗುತ್ತಿತ್ತು. ಅಣ್ಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದ, ಆದರೂ ಹೋಗುತ್ತಿತ್ತು.

ಆಗ ಯುದ್ಧ ಮುಗಿದು ಕೆಲವು ತಿಂಗಳಾಗಿದ್ದವು. ರಜೆಗೆ ಬಂದ ಪಕ್ಕದೂರಿನ ಸಿಪಾಯಿಯೊಬ್ಬ, ಕತ್ತಲಲ್ಲೂ ಕಾಣುವ ದುರ್ಬೀನು ಮಿಲಿಟರಿಯವರ ಹತ್ತಿರ ಇರುತ್ತದೆ, ಹಳೆಯವು ಮುಂಬಯಿಯ ಚೋರ್ ಬಜಾರಿನಲ್ಲಿ ಸಿಗುತ್ತವೆ ಎಂದು ಚಹಾದಂಗಡಿಯಲ್ಲಿ ಹೇಳಿದ. ಮೀರಜ್ ದಾಟಿ ಗೊತ್ತಿಲ್ಲದ ನಮ್ಮಣ್ಣ ಅಂದೇ ನನ್ನ ಮನೆಗೆ ಬಂದ.

"ನಡಿಯೋ ತಮ್ಮಾ, ಮುಂಬೈಗೆ ಹೋಗೂಣು. ಅದೊಂದು ಸಿಕ್ಕರ ಮತ್ತ ಬಂದೂಕು ಹಿಡೀತೇನಿ. ಸಿಗಲಿಲ್ಲ ಅಂದ್ರ ಕುರಿ ಮಾರಿ ಬಿಡೂದ."

ಕುರಿ ಮಾರುವ ಮಾತು ಅವನ ಬಾಯಲ್ಲಿ ಬರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಹೊರಟೇ ಬಿಟ್ಟೆವು. ಮೀರಜ್ ಸ್ಟೇಷನ್ನಿಗೆ ಬಂದಾಗ ಹೊತ್ತು ಮುಳುಗಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ ಹಿಡಿದ ಅಣ್ಣ ಪ್ಲಾಟ್‌ಫಾರ್ಮಿನಲ್ಲಿ ಜಾಗ ನೋಡಿ ಕೂತ. ಕೂತದ್ದು ಒಬ್ಬ ಅಜ್ಜಿಯ ಬದನೆಕಾಯಿ ಬುಟ್ಟಿಯ ಮೇಲೆ. ಅಜ್ಜಿ ಮರಾಠಿಯಲ್ಲಿ ನಮ್ಮ ಏಳು ತಲೆಮಾರನ್ನು ಎತ್ತಿ ಆಡಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಣ್ಣನೂ ನಕ್ಕ, ಆದರೆ ಒಂದು ಗಳಿಗೆ ತಡವಾಗಿ.

ದಾದರ್

ಬೆಳಿಗ್ಗೆ ಘಟ್ಟ ಇಳಿಯುವಾಗ ಅಣ್ಣ ಕಿಟಕಿ ಬಿಟ್ಟು ಏಳಲಿಲ್ಲ. ಇಷ್ಟು ಹುಲ್ಲು, ಒಂದು ಕುರಿ ಇಲ್ಲ ಎಂದು ಅವನಿಗೆ ಸಂಕಟ. ದೂರದ ಗುಡ್ಡದ ಮೇಲಿನ ಒಂಟಿ ಆಕಳನ್ನು ನನಗಿಂತ ಮೊದಲು ತೋರಿಸಿದ. ಹದ್ದಿನ ಕಣ್ಣು ಎಂದು ಮನಸ್ಸಿನಲ್ಲೇ ಹೊಗಳಿದೆ.

ದಾದರಿನಲ್ಲಿ ಇಳಿದು ಲೋಕಲ್ ಹಿಡಿಯಲು ಸೇತುವೆ ದಾಟಬೇಕು. ಅಬ್ಬಾ, ಆ ಜನ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಒಂದೇ ಕಡೆ ದೂಡುತ್ತಾರೆ. ನಮ್ಮ ಕುರಿ ಹಾಗೆ ದೂಡುವುದು ಬೆನ್ನ ಹಿಂದೆ ಏನಾದರೂ ಬಂದಾಗ ಮಾತ್ರ. ಅಣ್ಣನಿಗೂ ಅದೇ ಅನಿಸಿತೇನೋ. "ಹಿಂದ ತೋಳ ಬೆನ್ನ ಹತ್ತಿದಂಗ ಓಡಾಕತ್ತಾರಲ್ಲೋ ಇವರು" ಅಂದ.

ಹಿಂಡಿನ ನಡುವೆ ಒಂದು ಮರಿಗೂ ಕಾಲು ತಾಗದಂತೆ ನಡೆಯುವ ಮನುಷ್ಯ, ಆ ಸೇತುವೆಯ ಮೇಲೆ ಬಂದವರಿಗೆಲ್ಲ ಡಿಕ್ಕಿ ಹೊಡೆದ. ಎದುರಿಗೆ ಬಂದವರಿಗಲ್ಲ, ಪಕ್ಕದಿಂದ ಬಂದವರಿಗೆ. ಒಬ್ಬ ಹಮಾಲ "ಅಂಧಾ ಹೈ ಕ್ಯಾ" ಎಂದು ಬೈದು ಹೋದ. ಹಳ್ಳಿಯವರು ಪಟ್ಟಣದಲ್ಲಿ ಹೀಗೇ, ನಾನೂ ಮೊದಲ ಸಲ ಸೊಲ್ಲಾಪುರಕ್ಕೆ ಹೋದಾಗ ಟಾಂಗಾ ಕುದುರೆಗೆ ಮುತ್ತು ಕೊಡುವವನಿದ್ದೆ. ಅಣ್ಣನ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳುತ್ತಾನೆ ಅಂದುಕೊಂಡಿದ್ದೆ, ಬಿಡಿಸಿಕೊಳ್ಳಲಿಲ್ಲ.

ಗೋರೆಗಾಂವ್

ತಂಗಿ ಗಂಗವ್ವ ಗೋರೆಗಾಂವಿನ ಒಂದು ಚಾಳಿನಲ್ಲಿ ಇದ್ದಾಳೆ. ಅವಳ ಗಂಡ ಯಲ್ಲಪ್ಪ ಗೌಂಡಿ ಕೆಲಸದವ, ಪವಾಯಿಯ ದೊಡ್ಡ ಇಂಜಿನಿಯರಿಂಗ್ ಕಾಲೇಜಿನ ಕಟ್ಟಡಗಳಲ್ಲಿ ದುಡಿಯುತ್ತಾನೆ. ಒಂದೇ ಖೋಲಿ. ಅದರಲ್ಲೇ ಒಲೆ, ಅದರಲ್ಲೇ ದೇವರು. ನಮ್ಮೂರಲ್ಲಿ ಬಾಗಿಲು ತೆರೆದಿದ್ದರೆ ಬಾ ಎಂದರ್ಥ. ಚಾಳಿನಲ್ಲಿ ಎಲ್ಲರ ಬಾಗಿಲೂ ದಿನವಿಡೀ ತೆರೆದೇ ಇರುತ್ತದೆ, ಒಂದು ಪರದೆ ಬಿಟ್ಟಿರುತ್ತಾರೆ, ಒಳಗೆ ಯಾರೂ ಇಣುಕುವುದಿಲ್ಲ. ಆದರೆ ಯಾರ ಮನೆಯಲ್ಲಿ ಏನು ಒಗ್ಗರಣೆ ಎಂದು ಎಲ್ಲರಿಗೂ ಗೊತ್ತು. ನಾವು ಬಂದ ಅರ್ಧ ತಾಸಿನಲ್ಲಿ, ಗಂಗವ್ವನ ಅಣ್ಣ ಕಂಬಳಿ ಹೊದ್ದುಕೊಂಡು ಬಂದಿದ್ದಾನೆ ಎಂದು ಮೂರು ಮಹಡಿಗೂ ಸುದ್ದಿ ಆಯಿತು. ಬೆವರು ಕಿತ್ತು ಬರುವ ಆ ಊರಲ್ಲಿ ಕಂಬಳಿ.

ಖೋಲಿಯ ಗವಾಕ್ಷಿಗೆ ಕಪ್ಪು ಕಾಗದ ಇನ್ನೂ ಅಂಟಿಕೊಂಡಿತ್ತು. ಯುದ್ಧದಲ್ಲಿ ವಿಮಾನಕ್ಕೆ ಬೆಳಕು ಕಾಣಬಾರದೆಂದು ಊರೆಲ್ಲ ಹಾಗೆ ಮುಚ್ಚಿದ್ದರಂತೆ. "ಆ ದಿನ ರಾತ್ರಿ ಮುಂಬೈ ನಮ್ಮೂರ ಆಗಿತ್ತು ನೋಡಣ್ಣಾ. ನನ್ನ ಕೈ ನನಗ ಕಾಣತಿರಲಿಲ್ಲ" ಎಂದಳು ಗಂಗವ್ವ.

"ಅಂಜಿಕಿ ಬರಲಿಲ್ಲೇನು?" ಅಣ್ಣ ಕೇಳಿದ.

"ಎಲ್ಲಾರಿಗೂ ಕತ್ತಲಿ ಇತ್ತಲ್ಲ, ಅಂಜಿಕಿ ಯಾಕ?"



ರಾತ್ರಿ ಊಟಕ್ಕೆ ಕೂತೆವು. ಸಣ್ಣ ಬಲ್ಬು, ಹಳದಿ ಬೆಳಕು. ಜೋಳದ ರೊಟ್ಟಿ ಮುಂಬಯಿಯಲ್ಲೂ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದ್ದೆ. ಅಣ್ಣ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಲು ಹೋಗಿ ನೀರಿನ ತಂಬಿಗೆಗೆ ಅದ್ದಿದ. ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಣ್ಣಾ, ಕೂತಾಗಿಂದ ನೋಡಾಕತ್ತೇನಿ. ನಿನ್ನ ಕೈ ತಾಟ ಹುಡಕಾಕತ್ತೈತಿ."

"ನಿಮ್ಮ ಮುಂಬೈ ದೀಪ ಕಣ್ಣ ಕುಕ್ಕತಾವ. ಇವಕ್ಕಿಂತ ನಮ್ಮ ಚಿಮಣಿ ಪಾಡ."

ಎಲ್ಲರೂ ನಕ್ಕೆವು. ಅವನ ತಾಟನ್ನು ಸ್ವಲ್ಪ ಹತ್ತಿರ ಸರಿಸಿ ಗಂಗವ್ವ ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಚೋರ್ ಬಜಾರ್

ಮರುದಿನ ಬಜಾರಿಗೆ ಹೋದೆವು. ಹೆಸರು ಹಾಗಿದ್ದರೂ ನಮ್ಮ ಕಿಸೆಗೆ ಯಾರೂ ಕೈ ಹಾಕಲಿಲ್ಲ. ಗ್ರಾಮೋಫೋನಿನ ಕೊಂಬು, ಹಡಗಿನ ಗಡಿಯಾರ, ಒಂಟಿ ಬೂಟು, ಯಾರದೋ ಅಜ್ಜನ ಫೋಟೋ ಸಹಿತ ಎಲ್ಲ ಬೀದಿಗೆ ಬಂದು ಕೂತಿವೆ. ಆ ಅಜ್ಜನನ್ನು ಮಾರಿದ ಮೊಮ್ಮಗ ಯಾರೋ ಎಂದು ನಾನು ಯೋಚಿಸುತ್ತ ನಿಂತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು.

"ಕಂಬಳಿ ಮಾಮಾ, ಎಲ್ಲಿಯವರ್ರಿ? ನಮ್ಮ ಕಡೆಯವರ ಇದ್ದಂಗ ಅದೀರಿ."

ದುರ್ಬೀನು, ಲಾಟೀನು, ದಿಕ್ಸೂಚಿಗಳ ನಡುವೆ ಕೂತಿದ್ದ ಮುದುಕ. ಹೆಸರು ಇಮಾಮಸಾಬ, ಬಿಜಾಪುರದ ಕಡೆಯವರು. ಹಡಗು ಒಡೆಯುವಲ್ಲಿಂದ ಬಂದ ಸಾಮಾನು ಮಾರುತ್ತಾರೆ. ಚಹಾ ತರಿಸಿದರು. ನಾನು ತೋಳದ ಕಥೆ ಹೇಳಿದೆ, ಕರಿಯಾನ ಕಥೆಯನ್ನೂ ಹೇಳಿದೆ. ಇಮಾಮಸಾಬರು ಅಣ್ಣನನ್ನು ನೋಡಿ, "ತೋಬಾ ತೋಬಾ, ಸಾಕಿದ ಜೀವ" ಎಂದು ಕೆನ್ನೆ ಮುಟ್ಟಿಕೊಂಡರು.

ಆಮೇಲೆ ಆಯ್ಕೆ ಶುರುವಾಯಿತು. ಟಗರು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಕೊಂಬು ನೋಡುತ್ತೇವೆ. ಇದರಲ್ಲಿ ಏನು ನೋಡಬೇಕೋ ನಮಗೆ ತಿಳಿಯದು. ಮೊದಲು ಲಾರಿಯ ದೊಡ್ಡ ದೀಪ ತೋರಿಸಿದರು. ಅರ್ಧ ಹೊಲಕ್ಕೆ ಹಗಲು ಮಾಡುತ್ತದಂತೆ. ಆದರೆ ಅದಕ್ಕೆ ಲಾರಿಯ ಬ್ಯಾಟರಿಯೇ ಬೇಕು.

"ಇದನ್ನ ಹೊರಾಕ ಒಂದು ಕತ್ತೆ ಕೊಳ್ಳಬೇಕಾಕ್ಕೈತಿ" ಅಂದ ಅಣ್ಣ.

ಎರಡನೆಯದು ನೋಡಿ ನನ್ನ ಎದೆ ಡವಗುಟ್ಟಿತು. ಕಪ್ಪು ಗಾಜಿನ ದೀಪ, ಅದರ ಮೇಲೊಂದು ಕೊಳವೆ, ಬೆನ್ನಿಗೆ ಕಟ್ಟುವ ಪೆಟ್ಟಿಗೆ. ಹಳೆಯ ಯುದ್ಧದ ಕಾಲದ ಬಿಳಿಯರ ಮಿಲಿಟರಿಯದು. ಸಿಪಾಯಿ ಹೇಳಿದ್ದು ಇದೇ ಇರಬೇಕು.

"ಈ ದೀಪ ಹಚ್ಚಿದ್ರ ಯಾರಿಗೂ ಕಾಣೂದಿಲ್ಲ. ಈ ಕೊಳವಿ ಒಳಗ ನೋಡಿದಾಂವಗ ಮಾತ್ರ ಎಲ್ಲಾ ಕಾಣ್ತದ" ಎಂದರು ಇಮಾಮಸಾಬ.

"ನಡೀತದೇನ್ರಿ?"

"ನಡೀತಿದ್ರ ನನ್ನ ಅಂಗಡಿಗೆ ಯಾಕ ಬರ್ತಿತ್ತು? ಸುಳ್ಳು ಹೇಳಿ ನಿಮಗ ಕೊಟ್ಟು ನಾ ಎಲ್ಲಿಗೆ ಹೋಗ್ಲಿ. ಇದನ್ನ ಶೋಕಿಗೆ ಒಯ್ಯೋ ಮಂದಿ ಬ್ಯಾರೆ."

ಅಣ್ಣ ಆ ಸತ್ತ ಯಂತ್ರವನ್ನು ಕೆಳಗಿಡಲು ಬಹಳ ಹೊತ್ತು ತೆಗೆದುಕೊಂಡ. ಕೊಳವೆಯ ಬಾಯಿಯನ್ನು ಬೆರಳಿನಿಂದ ಸವರಿ, ರಿಪೇರಿ ಆಗುವುದಿಲ್ಲವೇ ಎಂದು ಎರಡೆರಡು ಸಲ ಕೇಳಿದ. ಇಮಾಮಸಾಬರು ಆಗುವುದಿಲ್ಲ ಎಂದರು.

ಮೂರನೆಯದು ಹಡಗಿನ ದುರ್ಬೀನು. ಮುಂದಿನ ಗಾಜುಗಳು ಬೋಗುಣಿಯಷ್ಟು ಅಗಲ. ರಾತ್ರಿ ಪಹರೆಯ ಖಲಾಸಿಗಳು ಹಿಡಿಯುವಂಥದ್ದು. "ಇದು ಬೆಳಕು ಹುಟ್ಟಸೂದಿಲ್ಲ. ಇದ್ದ ಚೂರು ಬೆಳಕನ್ನ ಕೂಡಿಸಿ ಕಣ್ಣಿಗೆ ಕೊಡ್ತದ. ಚುಕ್ಕಿ ಬೆಳಕಿದ್ರೂ ಸಾಕು, ನಾಯಿ ಯಾವುದು, ತೋಳ ಯಾವುದು ಗೊತ್ತಾಗ್ತದ. ಆದ್ರ ಇಲ್ಲಿ ನೋಡಬ್ಯಾಡ್ರಿ. ಈ ಮುಂಬೈದಾಗ ಕತ್ತಲಿ ಎಲ್ಲಿ ಅದ? ಪವಾಯಿ ಕೆರೀಗೆ ಒಯ್ದು ಹೊತ್ತು ಮುಳುಗಿದ ಮ್ಯಾಲೆ ನೋಡ್ರಿ. ಮನಸ್ಸಿಗೆ ಬಂದ್ರ ಇಟ್ಟುಕೊಳ್ರಿ."

ಹೆಸರು ಬಿಟ್ಟು ಬೇರೇನೂ ಕೇಳದೆ ಅದನ್ನು ನಮ್ಮ ಕೈಗಿಟ್ಟರು. ಗಾಜಿಗೆ ಚರ್ಮದ ಟೊಪ್ಪಿಗೆಗಳಿದ್ದವು. ಕೈ ಬದಲಾಯಿಸುವಾಗೆಲ್ಲ ಟೊಪ್ಪಿಗೆ ಹಾಕಿ, ಗಾಜು ಗೀರಿದರೆ ಮುಗಿಯಿತು ಎಂದು ತಾಕೀತು ಮಾಡಿದರು.

ವಿಲೆ ಪಾರ್ಲೆ

ತಿರುಗಿ ಬರುವಾಗ ಸಂಜೆಯಾಯಿತು. ಲೋಕಲಿನಲ್ಲಿ ನಮ್ಮನ್ನು ಉಣ್ಣೆಯ ಹಾಗೆ ಅದುಮಿದರು. ಒಂದು ಕಡೆ ಕಣ್ಣು ಮುಚ್ಚಿ ನಿಂತೇ ನಿದ್ದೆ ಮಾಡುವವರು, ಇನ್ನೊಂದು ಕಡೆ ತಾಳ ತಟ್ಟಿ ಭಜನೆ ಹೇಳುವವರು. ಸ್ಟೇಷನ್ನಿನ ಬೋರ್ಡು ನೋಡಲು ನಾನು ಕುತ್ತಿಗೆ ಉದ್ದ ಮಾಡುತ್ತಿದ್ದೆ. ಅಣ್ಣ ಕಂಬಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

ಒಂದು ಕಡೆ ಕೊಳೆತ ಕೆಸರಿನ ನಾತ ಬಂತು, ಬಾಂದ್ರಾದ ಮುಂಚಿನ ಖಾಡಿಯದು. ಸ್ವಲ್ಪ ಹೊತ್ತಿಗೆ ಬೆಂದ ಬಿಸ್ಕತ್ತಿನ ಸಿಹಿ ವಾಸನೆ ಡಬ್ಬಿಯ ತುಂಬ ತುಂಬಿತು.

"ಪಾರ್ಲೆ ಬಂತು. ಇನ್ನ ಮೂರನೇದಕ್ಕ ಇಳಿಯೂದು" ಅಂದ ಅಣ್ಣ, ತಲೆ ಎತ್ತದೆ.

ಪಕ್ಕದಲ್ಲಿದ್ದ ಕನ್ನಡಕದವನೊಬ್ಬ, ಕನ್ನಡ ಬಲ್ಲವನಿರಬೇಕು, ಬೆರಗಾಗಿ ನೋಡಿದ. ಎರಡೇ ಸಲ ಹಾದು ಹೋದ ದಾರಿಯನ್ನು ಮೂಗಿನಲ್ಲಿ ಇಟ್ಟುಕೊಂಡಿದ್ದಾನಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಮುಂಬಯಿಯವರಿಗೆ ಬೋರ್ಡು ಬೇಕು, ನಮ್ಮಣ್ಣನಿಗೆ ಮೂಗು ಸಾಕು ಎಂದು ಗಂಗವ್ವನ ಮುಂದೆ ಬಡಾಯಿ ಕೊಚ್ಚಿಕೊಂಡೆ. ಅವಳು ನಗಲಿಲ್ಲ. "ಬೋರ್ಡ್ ಯಾಕ ನೋಡಲಿಲ್ಲಂತ?" ಎಂದು ಕೇಳಿದಳು. ಅಣ್ಣನಿಗೆ ಓದು ಬರುವುದಿಲ್ಲವಲ್ಲ ಎಂದೆ. ಗೋರೆಗಾಂವ್ ಬರುವ ಮೊದಲು ಎತ್ತರದಲ್ಲಿ ಒಂದು ದೊಡ್ಡ ಗಡಿಯಾರವಿದೆ, ಅದನ್ನು ನೋಡಿ ಇಳಿಯಿರಿ ಎಂದು ಹೇಳಿ ಕಳಿಸಿದ್ದೆನಲ್ಲ ಎಂದಳು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಪವಾಯಿ

ಮರುದಿನ ಸಂಜೆ ಪವಾಯಿ ಕೆರೆ ನೋಡಿದಾಗ, ಮುಂಬಯಿಗೆ ಬಂದ ಮೇಲೆ ಮೊದಲ ಸಲ ಉಸಿರು ಬಿಟ್ಟೆ. ಗುಡ್ಡ, ನೀರು, ಜೊಂಡು, ಎಮ್ಮೆ. ಕಾಲೇಜಿನ ಕಟ್ಟಡಗಳು ಒಂದು ಕಡೆ ನಿಂತುಕೊಂಡಿವೆ, ಉಳಿದದ್ದೆಲ್ಲ ನಮ್ಮ ಕಡೆಯ ಕೆರೆಯಂತೆಯೇ. ಇಲ್ಲಿಯೂ ಚಿರತೆ ಬಂದು ನಾಯಿಗಳನ್ನು ಎತ್ತಿಕೊಂಡು ಹೋಗುತ್ತದೆಂದು ಯಲ್ಲಪ್ಪ ಹೇಳಿದ್ದ. ಅವನು ಇನ್ನೂ ಕೆಲಸದಲ್ಲಿದ್ದ. ನಾವಿಬ್ಬರೇ ಏರಿಯ ಮೇಲೆ ಕೂತು ಹೊತ್ತು ಮುಳುಗುವುದನ್ನು ಕಾದೆವು.

ಎದುರಿನ ದಂಡೆ ಕಪ್ಪಾಗಿ ಹೋದ ಮೇಲೆ ನಾನು ಟೊಪ್ಪಿಗೆ ತೆಗೆದು ನೋಡಿದೆ. ಮೈ ಜುಮ್ಮೆಂದಿತು. ಬರಿಗಣ್ಣಿಗೆ ಮಸಿಯಂತಿದ್ದುದು ಎಮ್ಮೆಗಳಾಗಿ ಬಿಡಿಸಿಕೊಂಡಿತು. ಒಂದಕ್ಕೆ ಸೊಟ್ಟ ಕೊಂಬು. ಲುಂಗಿ ಎತ್ತಿ ಕಟ್ಟಿದ ಒಬ್ಬ ಅವನ್ನು ನೀರಿನಿಂದ ಎಬ್ಬಿಸುತ್ತಿದ್ದ.

"ಅಣ್ಣಾ, ಕೆಲಸ ಆತು. ಎಮ್ಮಿ ಎಲ್ಲಾ ಸ್ವಚ್ಛ ಕಾಣಾಕತ್ತಾವ. ತೋಳ ಬಂದ್ರ ಅದರ ಮೀಸಿ ಸುದ್ದಾ ಕಾಣತಾವ" ಎಂದೆ. ಇನ್ನು ಅಣ್ಣ ಬಂದೂಕು ಹಿಡಿಯುತ್ತಾನೆ, ಕುರಿ ಉಳಿಯುತ್ತವೆ, ಅವನ ಮುಖಕ್ಕೆ ಮತ್ತೆ ಕಳೆ ಬರುತ್ತದೆ ಎಂದು ನನಗೆ ಕುಣಿಯುವಷ್ಟು ಸಂತೋಷ. ಇಮಾಮಸಾಬರ ತಾಕೀತು ನೆನಪಾಗಿ ಟೊಪ್ಪಿಗೆ ಹಾಕಿ ಅವನ ಕೈಗೆ ಕೊಟ್ಟೆ. ಸೊಳ್ಳೆ ಮುತ್ತಿಕೊಂಡಿದ್ದವು, ಬೀಡಿ ಹಚ್ಚಲು ಆ ಕಡೆ ತಿರುಗಿದೆ.

"ಭಾಳ ಛಲೋ ಐತೋ ತಮ್ಮಾ" ಅಂದ ಅಣ್ಣ ಹಿಂದಿನಿಂದ. "ಎಮ್ಮಿ ಎಷ್ಟ ಸ್ವಚ್ಛ ಕಾಣಾಕತ್ತಾವ. ಇದನ್ನ ತಗೊಳ್ಳೂಣು."

ತಿರುಗಿ ನೋಡಿದೆ. ದುರ್ಬೀನನ್ನು ಕಣ್ಣಿಗೆ ಒತ್ತಿ ಹಿಡಿದಿದ್ದ. ಎರಡೂ ಗಾಜಿನ ಮೇಲೆ ಟೊಪ್ಪಿಗೆ ಹಾಗೇ ಇದ್ದವು.

ನಗು ಗಂಟಲವರೆಗೆ ಬಂತು. ಊರಲ್ಲಿ ಹೇಳಲು ಒಳ್ಳೆಯ ಕಥೆ ಸಿಕ್ಕಿತು ಅಂದುಕೊಂಡೆ. ಅಷ್ಟರಲ್ಲಿ ತಂಬಿಗೆಗೆ ಅದ್ದಿದ ರೊಟ್ಟಿ, ಬದನೆಕಾಯಿ ಬುಟ್ಟಿ, ಸೇತುವೆ, ಪಾರ್ಲೆಯ ವಾಸನೆ, ಕುರಿಗಳ ಬೆನ್ನ ಮೇಲಿನ ಕೈ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಅವನ ಹತ್ತಿರ ಹೋಗಿ ಸದ್ದಾಗದಂತೆ ಟೊಪ್ಪಿಗೆ ತೆಗೆದೆ.

"ಈಗ ಹೆಂಗ ಕಾಣಾಕತ್ತೈತಿ ಅಣ್ಣಾ?"

"ಹಂಗ ಐತಲ್ಲ. ಛಲೋ ಐತಿ."

"ಅಣ್ಣಾ, ನನ್ನ ಮಾರಿ ಕಾಣ್ತೈತೇನು ನಿನಗ?"

ನಾನು ಅವನ ಎದುರಿಗೇ ನಿಂತಿದ್ದೆ. ಅವನು ದುರ್ಬೀನು ಇಳಿಸಿ ನನ್ನ ಕಿವಿಯ ಪಕ್ಕದ ಕತ್ತಲನ್ನು ನೋಡಿದ. ಆಮೇಲೆ ಕೈ ಚಾಚಿ ನನ್ನ ಹೆಗಲು ಹುಡುಕಿ, ಅದನ್ನು ಹಿಡಿದು ಏರಿಯ ಮೇಲೆ ಕೂತ.

"ಎರಡ ಮೂರ ವರ್ಷ ಆತು" ಅಂದ. "ಹಗಲಿ ಛಲೋ ಕಾಣ್ತೈತಿ. ಎದುರಿಗಿದ್ದದ್ದು ಕಾಣ್ತೈತಿ, ಬಾಜೂ ಇದ್ದದ್ದು ಕಾಣೂದಿಲ್ಲ. ಹೊತ್ತ ಮುಳುಗಿತು ಅಂದ್ರ ಮುಗೀತು. ಮಿಲಿಟರಿಯವರ ಯಂತ್ರದಾಗರ ಕಂಡೀತು ಅಂತ ಬಂದ್ನಿ."

"ಮತ್ತ ಇಷ್ಟ ದಿನ ಹೆಂಗ ಕಾದಿ ಕುರಿ?"

"ಕರಿಯಾ ಇದ್ನಲ್ಲ."

ಆಮೇಲೆ ಹೇಳಿದ. ರಾತ್ರಿ ಬಲೆಯ ಸುತ್ತ ತಿರುಗುವಾಗ ಕರಿಯಾ ಅವನ ಮೊಣಕಾಲಿಗೆ ಮೈ ತಾಗಿಸಿಕೊಂಡೇ ನಡೆಯುತ್ತಿತ್ತಂತೆ. ತಗ್ಗು ಬಂದರೆ ನಿಲ್ಲುತ್ತಿತ್ತು, ಮುಳ್ಳು ಬಂದರೆ ದೂಡುತ್ತಿತ್ತು. ಯಾರೂ ಕಲಿಸಿದ್ದಲ್ಲ. ಅಣ್ಣನಿಗೆ ಕಾಣುವುದಿಲ್ಲ ಎಂಬುದು ಲೋಕದಲ್ಲಿ ಆ ಒಂದು ಜೀವಕ್ಕೆ ಮಾತ್ರ ಗೊತ್ತಿತ್ತು. ಆ ರಾತ್ರಿ ತೋಳ ಬಂದಾಗ ಕರಿಯಾ ಅವನ ಕಾಲು ಬಿಟ್ಟು ಓಡಿತು. ಅಣ್ಣ ಕತ್ತಲಲ್ಲಿ ಒಬ್ಬನೇ ನಿಂತ. ಕುರಿಗಳು ಒದರುತ್ತಿದ್ದವು.

"ಕಣ್ಣು ಹೊಳದ್ವು ಅಂತ ನಾ ಹೇಳಿದ್ದು ಸುಳ್ಳ. ಏನೂ ಹೊಳೀಲಿಲ್ಲ. ನನ್ನ ಕಡೆ ಓಡಿ ಬಂದ ಸಪ್ಪಳಾ ಕೇಳಿ ಹೊಡದ್ನಿ. ಅಂವ ನನ್ನ ಕರಕೊಂಡು ಹೋಗಾಕ ತಿರುಗಿ ಬಂದಿದ್ನೋ ತಮ್ಮಾ."

ನಮ್ಮಣ್ಣ ಅತ್ತದ್ದನ್ನು ನಾನು ಅಪ್ಪ ಸತ್ತಾಗಲೂ ನೋಡಿರಲಿಲ್ಲ. ಅಲ್ಲಿ ಕಂಬಳಿಯನ್ನು ಬಾಯಿಗೆ ತುರುಕಿಕೊಂಡು ಅತ್ತ. ನನಗೂ ತಡೆಯಲಾಗಲಿಲ್ಲ. ಎದುರಿನ ದಂಡೆಯಲ್ಲಿ ಎಮ್ಮೆಗಳ ಗಂಟೆಯ ಸದ್ದು ದೂರ ಸರಿಯಿತು. ಬಸ್ಸಿನವರೆಗೆ ಅವನ ಕೈ ನನ್ನ ಹೆಗಲ ಮೇಲಿತ್ತು.

ಆಸ್ಪತ್ರೆ

ರಾತ್ರಿ ಮನೆಯಲ್ಲಿ ಎಲ್ಲ ಹೇಳಿದೆವು. ಗಂಗವ್ವ ಸೋಲುವ ಹೆಂಗಸಲ್ಲ. ಮರುದಿನ ಬೆಳಿಗ್ಗೆಯೇ ನಮ್ಮನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. "ನಮ್ಮ ಮನಿ ದೀಪಕ್ಕ ಬೈದ್ಯಲ್ಲೋ ಅಣ್ಣಾ" ಎಂದು ದಾರಿಯುದ್ದಕ್ಕೂ ಒಂದೇ ಮಾತು. ಬೈಯುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುತ್ತಿರಲಿಲ್ಲ.

ಡಾಕ್ಟರ್ ಬಾಯಿಯವರು ಮರಾಠಿಯವರು, ನಮ್ಮವ್ವನ ವಯಸ್ಸು. ಕತ್ತಲೆ ಕೋಣೆಯಲ್ಲಿ ಕೂರಿಸಿ ಅವನ ಕಣ್ಣೊಳಗೆ ಇಣುಕಿ ನೋಡಿದರು. ಆಮೇಲೆ ಬೆಳಕಿಗೆ ಕರೆತಂದು, ನೇರ ಎದುರಿಗೆ ನೋಡಲು ಹೇಳಿ, ಒಂದು ಪೆನ್ಸಿಲನ್ನು ಅವನ ಕಿವಿಯ ಕಡೆಯಿಂದ ಮೆಲ್ಲಗೆ ಮುಂದೆ ತಂದರು.

"ದಿಸ್ತೆ ಕಾ, ಬಾಬಾ?" ಕಾಣುತ್ತದೆಯೇ?

"ನಾಹೀ."

ಇನ್ನಷ್ಟು ಮುಂದೆ ತಂದರು. "ಆತಾ?" ಈಗ?

"ನಾಹೀ."

ಪೆನ್ಸಿಲು ಮೂಗಿನ ಹತ್ತಿರ ಬರುವವರೆಗೂ ಅವನು ನಾಹೀ ಎನ್ನುತ್ತಲೇ ಇದ್ದ. ಅಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡವನು, ಪರಸ್ಥಳದಲ್ಲಿ, ಪರಭಾಷೆಯಲ್ಲಿ, ಗುರುತಿಲ್ಲದ ಹೆಂಗಸಿನ ಮುಂದೆ ಎಷ್ಟು ಸಲೀಸಾಗಿ ಹೇಳಿಬಿಟ್ಟ. ಬಾಗಿಲ ಹತ್ತಿರ ನಿಂತಿದ್ದ ಗಂಗವ್ವ ಸೆರಗು ಮುಖಕ್ಕೆ ಹಿಡಿದು ಹೊರಗೆ ಹೋದಳು.

ತಂದೆ ತಾಯಿ ಸಂಬಂಧಿಕರೇ ಎಂದು ಡಾಕ್ಟರ್ ಕೇಳಿದರು. ಹೌದು, ನಮ್ಮಪ್ಪ ಅವ್ವನಿಗೆ ಸೋದರಮಾವ, ನಮ್ಮಲ್ಲಿ ಹಾಗೇ ಕೊಟ್ಟು ತರುವುದು ಎಂದೆ. ಅವರು ತಲೆಯಾಡಿಸಿದರು. ಕಣ್ಣಿನ ಹಿಂದಿನ ಪದರು ಒಣಗುತ್ತ ಬಂದಿದೆ, ಇದಕ್ಕೆ ಔಷಧವಿಲ್ಲ, ಆಪರೇಷನ್ ಇಲ್ಲ, ಯಾವ ಕನ್ನಡಕವೂ ಯಾವ ದುರ್ಬೀನೂ ನಡೆಯುವುದಿಲ್ಲ ಎಂದರು. ಹಗಲಿನ ನೋಟವೂ ವರ್ಷ ವರ್ಷಕ್ಕೆ ಕಿರಿದಾಗಬಹುದು ಎಂಬುದನ್ನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಣ್ಣನ ಕಿವಿ ನನಗಿಂತ ಚುರುಕು ಎಂದು ಅವರಿಗೆ ಗೊತ್ತಿರಲಿಲ್ಲ.

ಮತ್ತೆ ಚೋರ್ ಬಜಾರ್

ದುರ್ಬೀನನ್ನು ತಿರುಗಿ ಕೊಡಲು ನಾನೊಬ್ಬನೇ ಹೋಗುತ್ತೇನೆ ಎಂದೆ. ಅಣ್ಣ ಕೇಳಲಿಲ್ಲ. "ಹೆಂಗಿತ್ತು ಮಾಮಾ?" ಎಂದು ಇಮಾಮಸಾಬರು ನಗುತ್ತ ಎದ್ದರು.

"ಕಣ್ಣಿದ್ದಾಂವಗ ಭಾಳ ಛಲೋ ಐತ್ರಿ" ಅಂದ ಅಣ್ಣ. "ನನಗ ಇರುಳುಗಣ್ಣು."

ಇಮಾಮಸಾಬರು ದುರ್ಬೀನನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಬಂದು, ಅಣ್ಣನ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡು ಚಹಾ ಮುಗಿಯುವವರೆಗೆ ಕೂತರು.

ನಮ್ಮ ಚುಲತ ಅಣ್ಣ, ದೊಡ್ಡಪ್ಪನ ಮಗ ಮಾಳಪ್ಪನಿಗೂ ಒಂದು ಹಿಂಡಿದೆ. ಅವನ ಹಿಂಡಿನ ಜೊತೆ ನಮ್ಮದನ್ನು ಕೂಡಿಸುವುದು, ಹಗಲು ಅಣ್ಣ, ರಾತ್ರಿ ಮಾಳಪ್ಪ ಎಂದು ಗಂಗವ್ವ ಆಸ್ಪತ್ರೆಯಿಂದ ಬಂದ ದಿನವೇ ದಾರಿ ಹಾಕಿಕೊಟ್ಟಿದ್ದಳು. ಹಾಗಾದರೆ ಮಾಳಪ್ಪನಿಗೆ ಈ ದುರ್ಬೀನು ಒಯ್ಯೋಣವೇ ಎಂದು ಕೇಳಿದೆ.

"ಬ್ಯಾಡ. ಒಂದ ಕೈಯಾಗ ಬಂದೂಕು, ಒಂದ ಕೈಯಾಗ ಇದು, ಹೆಂಗ ಹಿಡೀಬೇಕು ಅಂವ? ಅಗಲ ಬೆಳಕಿನ ಬ್ಯಾಟರಿ ಒಂದ ನೋಡು. ಕಣ್ಣಷ್ಟ ಅಲ್ಲ, ಮೈನೂ ಕಾಣೂವಂಥಾದ್ದು."

ಅಂಗಡಿಯ ಹಿಂದಿನ ಕತ್ತಲ ಗೋಡೌನಿನಲ್ಲಿ ನಾನು ಒಂದೊಂದೇ ಬ್ಯಾಟರಿ ಹಚ್ಚಿ, ಮೂಲೆಯಲ್ಲಿ ಮಲಗಿದ್ದ ಬೆಕ್ಕಿನ ಮೇಲೆ ಬಿಟ್ಟು, ಏನು ಕಾಣುತ್ತದೆಂದು ಹೇಳುತ್ತ ಹೋದೆ. ಕಣ್ಣು ಮಾತ್ರ. ಕಣ್ಣು, ಕಿವಿ. ಮೀಸೆ, ಬೆನ್ನು, ಬಾಲ, ಅದರ ಕೆಳಗಿನ ಗೋಣಿ ಸಹಿತ ಎಲ್ಲಾ. "ಅದ ಇರಲಿ" ಅಂದ ಅಣ್ಣ. ಹೀಗೆ ನಾವು ಮುಂಬಯಿಯಲ್ಲಿ ಕೊಂಡದ್ದು ಸಂಕೇಶ್ವರದ ಪೇಟೆಯಲ್ಲೂ ಸಿಗುವಂಥ ಒಂದು ಅಗಲ ಗಾಜಿನ ಬ್ಯಾಟರಿ.

ತಿರುಗಿ ಊರಿಗೆ

ಇನ್ನು ನಾಲ್ಕು ದಿನ ಇರಿ, ಚೌಪಾಟಿ ತೋರಿಸುತ್ತೇನೆ ಎಂದು ಗಂಗವ್ವ ಗೋಗರೆದಳು. ಅಣ್ಣ ಒಪ್ಪಲಿಲ್ಲ. ಸಮುದ್ರ ನೋಡುವುದು ತಪ್ಪಿದ್ದು ಹೀಗೆ. ರೈಲಿನಲ್ಲಿ ಕಂಬಳಿ ಹಾಸಿ ಕೂತ ಮೇಲೆ ಅವನು, "ನಿಮ್ಮ ವೈನಿಗೆ ನಾನ ಹೇಳ್ತೇನಿ, ನೀ ಬಾಯಿ ಬಿಡಬ್ಯಾಡ" ಅಂದ. ಆಗಲಿ ಎಂದೆ. ಬೆನ್ನ ಮೇಲೆ ಕೈಯಿಡುವ ಚ್ಯಾಷ್ಟಿಯನ್ನು ಅವಳು ಇನ್ನು ಹೇಗೆ ನೆನೆಯುತ್ತಾಳೋ ಎಂದು ನನಗೆ ಅದೇ ಯೋಚನೆ.

ಪುಣೆ ದಾಟಿದ ಮೇಲೆ ಹೊತ್ತು ಮುಳುಗಿತು. ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ಸುಮ್ಮನೆ ನಿಂತಿತು. ಒಂದೇ ಒಂದು ಲಾಟೀನು, ಅದರಾಚೆ ಎಲ್ಲಾ ಹೊಲ. ಡಬ್ಬಿಯಲ್ಲಿ ಮಾತು ನಿಂತಿತು. ದೂರದಲ್ಲಿ ಒಂದು ನಾಯಿ ಬೊಗಳಿತು. ಕುರಿ ಕಾಯುವ ನಾಯಿಯ ಬೊಗಳು ನಮಗೆ ಗೊತ್ತಾಗುತ್ತದೆ.

ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ.

"ಅಲ್ಲಿ ಹಿಂಡು ನಿಲ್ಲಿಸ್ಯಾರ. ನಾಯಿ ಕಾಣ್ತೈತೇನು ನೋಡು. ಯಾವ ಬಣ್ಣದ್ದೈತಿ?"

ನಾನು ಕಂಬಿಗೆ ಹಣೆ ಹಚ್ಚಿ ನೋಡಿದೆ. ಕತ್ತಲು, ಬರೇ ಕತ್ತಲು. ಆದರೂ ಅವನ ಮುಖ ನೋಡಿ, ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಕಾಣ್ತೈತಿ ಅಣ್ಣಾ. ಕರೇದು. ನಮ್ಮ ಕರಿಯಾನಂಗ ಐತಿ."

ಅಣ್ಣ ಕೈ ಚಾಚಿ ನನ್ನ ಮೊಣಕಾಲು ಹುಡುಕಿ, ಅದರ ಮೇಲೆ ಅಂಗೈಯಿಟ್ಟ.

"ಕಾಣಲಿಲ್ಲ ಅಂದ್ರ ಕಾಣಲಿಲ್ಲ ಅನ್ನೋ ತಮ್ಮಾ" ಅಂದ. "ನಾ ಅಷ್ಟ ಅಂದಿದ್ರ ಅಂವ ಇರತಿದ್ದ."

ಗಾಡಿ ಹೊರಟಿತು. ನಾಯಿಯ ಬೊಗಳು ಹಿಂದಕ್ಕೆ ಉಳಿಯಿತು.

"ಕಾಣಲಿಲ್ಲ ಅಣ್ಣಾ" ಎಂದೆ. ಅವನು ತಲೆಯಾಡಿಸಿ ಕಂಬಳಿ ಎಳೆದುಕೊಂಡ.